ತಿರುವಿನಲ್ಲಿ ನಿಲ್ಲುವ ಬೈರಣ್ಣ

ಅಪಘಾತ ವಿಮೆ ಮಾಡಿಸಲು ನಂದಗುಡಿಗೆ ಹೊರಟಿದ್ದ ಏಜೆಂಟ್ ವೇಣುಗೋಪಾಲ, ಊರ ಹೊರಗಿನ ತಿರುವಿನಲ್ಲಿ ಸ್ಕೂಟರ್ ಸಮೇತ ಅಂಗಾತ ಬಿದ್ದ. ಗಾಡಿ ಹರಿದು ಕಾಳು ಉದುರಲಿ ಎಂದು ರೈತರು ಟಾರು ರಸ್ತೆಯನ್ನೇ ಕಣ ಮಾಡಿ ರಾಗಿ ತೆನೆ ಹರಡಿದ್ದರು. ಅವನ ಐವತ್ತು ವರ್ಷದ ಶರೀರವೂ ಒಕ್ಕಣೆಗೆ ಕೈಲಾದ ನೆರವು ನೀಡಿತು. ಪ್ಯಾಂಟು ಮಾತ್ರ ಹಿಂದುಗಡೆ ಹರಿಯಿತು.

ಮುದುಕನೊಬ್ಬ ಕೆಂಪು ಟವೆಲ್ ಬೀಸಿದ್ದು ಅವನಿಗೆ ಕಾಣದೇ ಇರಲಿಲ್ಲ. ಡ್ರಾಪ್ ಕೇಳುತ್ತಾನೆಂದು ಆಕ್ಸಿಲರೇಟರ್ ತಿರುವಿದ್ದ, ಅಷ್ಟೆ.

"ಏಳಿ ಸಾರ್. ಡ್ರಾಪ್ ಕೇಳ್ತಾವ್ನೆ ಅಂದ್ಕೊಂಡ್ರಾ? ಎಲ್ರೂ ಹಂಗೇ ಅಂದ್ಕೊಳ್ಳೋದು" ಎನ್ನುತ್ತಾ ಆ ಮುದುಕ, ಬೈರಣ್ಣ, ಅವನನ್ನು ಎತ್ತಿ ಕೂರಿಸಿ, ಬೆನ್ನಿನ ಹುಲ್ಲು ಕೊಡವಿ, ನೀರು ಕೊಟ್ಟ.

ಹಿಂದೊಮ್ಮೆ ಬೈರಣ್ಣನೂ ಇಲ್ಲೇ ಬಿದ್ದಿದ್ದನಂತೆ. ಮೊಟ್ಟೆ ವ್ಯಾನಿನ ಖಲೀಲ್ ಸಾಬರು ಅವನನ್ನು ಎತ್ತಿದ್ದಲ್ಲದೆ, ಇನ್ನೊಬ್ಬರು ಬೀಳದಿರಲಿ ಎಂದು ವ್ಯಾಪಾರ ಬಿಟ್ಟು ಸಂಜೆಯವರೆಗೆ ಟವೆಲ್ ಬೀಸುತ್ತಾ ನಿಂತರಂತೆ.

"ಅದ ನೋಡಿದ್ ಮ್ಯಾಲೆ ಮನೇಲಿ ಕೂರಕ್ಕಾಗ್ಲಿಲ್ಲ ಸಾರ್."

ಅಂದಿನಿಂದ ಪ್ರತಿ ಸುಗ್ಗಿಯಲ್ಲೂ ಬೈರಣ್ಣ ಇಲ್ಲೇ. ಈಗ ಮಂಡಿ ಸವೆದಿದೆ, ಇನ್ನು ನಿಲ್ಲಕೂಡದೆಂದು ಡಾಕ್ಟರು ಹೇಳಿಯಾಗಿದೆ. ಇದೇ ಕೊನೆಯ ಸುಗ್ಗಿ. ಖಲೀಲರನ್ನು ನೋಡಿ ತಾನು ನಿಂತಂತೆ ತನ್ನನ್ನು ನೋಡಿ ಯಾರಾದರೂ ನಿಂತಾರು ಎಂದು, ಬಿದ್ದವರ ಮುಖವನ್ನೆಲ್ಲ ಮಗಳಿಗೆ ಗಂಡು ಹುಡುಕುವವನಂತೆ ನೋಡುತ್ತಿದ್ದ. ಈಗ ವೇಣುಗೋಪಾಲನನ್ನೂ ಹಾಗೇ ನೋಡಿದ.

ವೇಣುಗೋಪಾಲನ ಎದೆ ತುಂಬಿ ಬಂತು. "ಕೊಡಿ ಬೈರಣ್ಣ ಇಲ್ಲಿ" ಎಂದು ಟವೆಲ್ ಇಸಕೊಂಡು, ಇನ್ನೊಂದು ಕೈಯಲ್ಲಿ ಪ್ಯಾಂಟಿನ ಹರಕು ಮುಚ್ಚಿಕೊಂಡು ನಿಂತ. ಬೈಕೊಂದು ನಿಧಾನವಾಯಿತು. ಆಹಾ, ಪ್ರತಿ ಭಾನುವಾರ ಬಂದುಬಿಡಬೇಕು! ಬೈರಣ್ಣ ಮೊದಲ ಬಾರಿಗೆ ಮೋರಿಕಟ್ಟೆಯ ಮೇಲೆ ಕುಳಿತು ಕಾಲು ಚಾಚಿದ.

ಅಷ್ಟರಲ್ಲಿ ಮ್ಯಾನೇಜರ್ ಫೋನು. ವೇಣುಗೋಪಾಲ ಟವೆಲ್ಲನ್ನು ನೀಟಾಗಿ ಮಡಿಸಿದ. "ಬರ್ತೀನಿ ಬೈರಣ್ಣ, ಖಂಡಿತಾ ಬರ್ತೀನಿ."

"ಆಯ್ತು ಸಾರ್" ಎಂದ ಬೈರಣ್ಣ, ಆಗಲೇ ಮಂಡಿ ಹಿಡಿದು ಏಳುತ್ತಾ.

ಸ್ಕೂಟರ್ ಏರಿದವನಿಗೆ ಸುಮ್ಮನೆ ಹೋಗಲು ಮುಖವಿಲ್ಲ. "ಅಲ್ಲ ಬೈರಣ್ಣ, ಇಷ್ಟು ವರ್ಷ ನಿಮ್ಮನ್ನ ನೋಡಿ ಊರಲ್ಲಿ ಒಬ್ರೂ ಬದಲಾಗ್ಲಿಲ್ವಾ?"

"ಯಾಕಿಲ್ಲ ಸಾರ್? ಮೊದ್ಲು ಈ ತಿರುವ್ನಲ್ಲಿ ರಾಗಿ ಹಾಕಕ್ಕೆ ಹೆದರೋರು. ಈಗ ಬೈರಣ್ಣ ಅವ್ನೆ ಅಂತ ಎಲ್ರೂ ಇಲ್ಲೇ ತಂದು ಹಾಕ್ತಾರೆ."