ಅಜ್ಜಿಯ ಹೆಸರಿಗೆ ಇಬ್ಬರು ಮಾಲೀಕರು

ಸುಲ್ತಾನ್ ಬಜಾರಿನಲ್ಲಿ ನಮ್ಮದು ಇಳಕಲ್ ಸೀರೆಯ ಅಂಗಡಿ. ಬೋರ್ಡಿನ ಮೇಲೆ ಅಜ್ಜಿಯ ಹೆಸರು. ಆ ಹೆಸರಿಗೆ ಅಪ್ಪ ಟ್ರೇಡ್‌ಮಾರ್ಕ್ ಮಾಡಿಸಿ, ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಲಕ್ಷ್ಮಿಯ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ದಿನಾ ಅದಕ್ಕೂ ಕುಂಕುಮ, ಊದಿನಕಡ್ಡಿ. ನೋಂದಣಿ ಸಂಖ್ಯೆ ಯಾವತ್ತೋ ಕುಂಕುಮದಡಿ ಮುಚ್ಚಿಹೋಗಿತ್ತು.

ವೆಬ್‌ಸೈಟ್ ಮಾಡೋಣ ಎಂದು ನಾನು ಗೋಗರೆದಾಗ ಅಪ್ಪ ಪಂಚಾಂಗ ತೆಗೆದರು. ಅಜ್ಜಿಯ ಹೆಸರಿನ ವೆಬ್ ವಿಳಾಸ ಕೊಳ್ಳುವುದಕ್ಕೆ ವಿಜಯದಶಮಿಯೇ ಆಗಬೇಕಂತೆ.

“ಅಷ್ಟರಾಗ ಬ್ಯಾರೆಯವರು ತಗೊಂಡ್ರ?” ಎಂದೆ.

“ಯಾರ್ ಒಯ್ತಾರ? ಸರ್ಕಾರದ ಮುದ್ರಿ ಐತಿ,” ಎಂದು ಗೋಡೆ ತೋರಿಸಿದರು.

ಆಷಾಢ ಕಳೆಯಿತು, ಪಿತೃಪಕ್ಷ ಕಳೆಯಿತು. ದಶಮಿಯಂದು ಕಂಪ್ಯೂಟರಿಗೆ ಮಾಲೆ ಹಾಕಿ, ಕಾಯಿ ಒಡೆದು, ಹೆಸರು ಒತ್ತಿದರೆ ವಿಳಾಸ ಆಗಲೇ ಹೋಗಿಬಿಟ್ಟಿತ್ತು. ತೆರೆದು ನೋಡಿದರೆ ಸೀರೆಗಳೂ ಇದ್ದವು. ಒಯ್ದವರು ಮಲ್ಕಾಜ್‌ಗಿರಿಯ ಚಿಕ್ಕಪ್ಪ. ರೈಲ್ವೆಯಿಂದ ನಿವೃತ್ತರಾಗಿ ಮನೆಯಲ್ಲೇ ಸೀರೆ ವ್ಯಾಪಾರ ಶುರು ಮಾಡಿದ್ದ ಪುಣ್ಯಾತ್ಮರು ಪಂಚಾಂಗ ನೋಡಿರಲೇ ಇಲ್ಲ.

ಟ್ರೇಡ್‌ಮಾರ್ಕ್ ಇದ್ದ ಮಾತ್ರಕ್ಕೆ ವಿಳಾಸ ತಾನಾಗಿ ಬರುವುದಿಲ್ಲ, ಕೆಟ್ಟ ಉದ್ದೇಶದಿಂದ ಕೊಂಡರೆಂದು ತೋರಿಸಬೇಕು ಎಂದರು ವಕೀಲರು.

“ಅವನ ಉದ್ದೇಶ ಹುಟ್ಟಿದಾಗಿಂದ ಕೆಟ್ಟದ್ದೇ ಐತ್ರಿ,” ಎಂದರು ಅಪ್ಪ. ಅದನ್ನು ನೋಟಿಸಿನಲ್ಲಿ ಬರೆಯಲಾಗದು ಎಂದು ವಕೀಲರು ಪಾಪ, ಗಂಭೀರವಾಗಿಯೇ ತಿಳಿಸಿ ಹೇಳಿದರು.

ನೋಟಿಸ್ ಮುಟ್ಟಿದ ಭಾನುವಾರ ಚಿಕ್ಕಪ್ಪ ಅದನ್ನು ಹಿಡಿದುಕೊಂಡೇ ಮನೆಗೆ ಬಂದರು. ಅಜ್ಜಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು.

“ಅಣ್ಣಾ, ಅವ್ವ ನಿನಗೊಬ್ಬನಿಗೇ ಅವ್ವ ಏನು? ಅವ್ವನ ಹೆಸರಿನ ಮ್ಯಾಲ ನನಗೂ ಹಕ್ಕೈತಿ.”

“ನಿನ್ನ ಹತ್ರ ಸರ್ಟಿಫಿಕೇಟ್ ಐತೇನು?”

ಅಜ್ಜಿ ತಲೆ ಎತ್ತಿದಳು. “ಅದು ನನ್ನ ಹೆಸರೇ ಅಲ್ಲಲೇ. ಲಗ್ನದ ದಿನ ನಿಮ್ಮಪ್ಪ ಉಂಗುರದಿಂದ ಅಕ್ಕ್ಯಾಗ ಬರೆದು ಇಟ್ಟಿದ್ದು. ತವರಮನ್ಯಾಗ ನನ್ನ ಹೆಸರು ಬ್ಯಾರೇನ ಇತ್ತು.”

ನಮ್ಮಲ್ಲಿ ಬಂದ ಸೊಸೆಗೆಲ್ಲ ಹೀಗೇ ಹೆಸರು ಬದಲಿಸುವುದು. ನನ್ನ ಅಮ್ಮನಿಗೂ ಬದಲಿಸಿದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ನಾನು ಒಮ್ಮೆಯೂ ಕೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

“ಏನಿತ್ತು ಅಜ್ಜಿ, ಆ ಹೆಸರು?”

ಅವಳು ಮೂವರನ್ನೂ ಒಮ್ಮೆ ನೋಡಿದಳು.

“ಹೇಳಾಂಗಿಲ್ಲ. ಹೇಳಿದ್ರ ಅದಕ್ಕೂ ನೋಟಿಸ್ ಕಳಸ್ತೀರಿ,” ಎಂದು ಮತ್ತೆ ಸೊಪ್ಪಿಗೆ ಕೈಹಾಕಿದಳು.