ಚಿಕ್ಕಪ್ಪನ ಪ್ರತಿಜ್ಞೆ ಮತ್ತು ಹಸುವಿನ ತೇಗು

ಆ ಭಾನುವಾರ ಉಡಿಗಾಲದ ಚಿಕ್ಕಪ್ಪನ ಮನೆಯ ಜಗಲಿಯಲ್ಲಿದ್ದವರು ಇಷ್ಟು ಜನ: ಈಳಿಗೆಮಣೆ ಮುಂದೆ ಕೂತು ಕೋಸು ಹೆಚ್ಚುತ್ತಿದ್ದ ಚಿಕ್ಕಮ್ಮ, ಎಲೆಯಡಿಕೆ ಕುಟ್ಟುತ್ತಿದ್ದ ಅಜ್ಜಿ, ಬೈಕು ಒರೆಸುತ್ತಿದ್ದ ಚಿಕ್ಕಪ್ಪ, ಚಾಮರಾಜನಗರದಿಂದ ಬಸ್ಸಿನಲ್ಲಿ ಬಂದಿಳಿದಿದ್ದ ನಾನು. ಅಂಗಳದ ಗೂಟದಲ್ಲಿ ಗಬ್ಬದ ಕೆಂದ ಹಸು. ಮಾತೆಲ್ಲ ಅದರದೇ ಆದ್ದರಿಂದ ಅದನ್ನೂ ಸೇರಿಸಿಕೊಳ್ಳಬೇಕು.

ಚಿಕ್ಕಪ್ಪ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ನೌಕರರು. ಹಿಂದಿನ ದಿನ ಅಲ್ಲಿ ಪರಿಸರದ ಭಾಷಣವಿತ್ತು. ಕಲ್ಲಿದ್ದಲು ಪೆಟ್ರೋಲು ಉರಿಸುವುದು, ಕಾಡು ಕಡಿಯುವುದು, ಎಲ್ಲ ಸೇರಿ ಭೂಮಿಗೆ ಕಂಬಳಿ ಹೊದಿಸಿದಂತಾಗಿದೆ, ಕಾವು ಹೊರಗೆ ಹೋಗುತ್ತಿಲ್ಲ ಎಂದರಂತೆ. ದನದ ತೇಗಿನ ಗಾಳಿಯೂ ಅದಕ್ಕೆ ಸೇರುತ್ತದೆ ಎಂದು ಕೊನೆಗೊಂದು ಮಾತು. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬಲಗೈ ಚಾಚಿಸಿ, ಬಿಸಿಯ ಕಾರಣಗಳಲ್ಲಿ ಮನೆಗೊಂದನ್ನು ಬಿಡುತ್ತೇವೆಂದು ಪ್ರತಿಜ್ಞೆ ಮಾಡಿಸಿದ್ದರು. ಏನು ಬಿಟ್ಟಿರಿ ಎಂದು ಮುಂದಿನ ತಿಂಗಳು ಕೇಳುತ್ತಾರಂತೆ. ಬೈಕಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಚಿಕ್ಕಪ್ಪ ಬಿಡಬೇಕಾದ್ದನ್ನು ಆರಿಸಿಬಿಟ್ಟಿದ್ದರು.

"ಈ ಸಲ ತೆರಕಣಾಂಬಿ ಸಂತೆಗ ಅಸ ಒಡ್ಕೊಂಡೋಗ್ಬುಡ್ತೀನಿ."

ತಾಯಿ ಸತ್ತ ಕರುವಾಗಿದ್ದಾಗ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದವರು ಚಿಕ್ಕಮ್ಮ. ಅವರ ಕೈ ನಿಂತಿತು. "ಗಬ್ಬದ ಅಸನ? ಅದೇನ್ ಮಾಡ್ತು ನಿಂಗ?"

"ತೇಗ್ತದ ಕಣಮ್ಮಿ. ಪ್ರಪಂಚ ಬಿಸಿಯಾಯ್ತಾ ಅದ."

"ತೇಗು ತಾನ?" ಎಂದರು ಅಜ್ಜಿ. "ಓಂಕಾಳು ಅರ್ದು ಕುಡುಸುದ್ರ ನಿಂತೋಯ್ತದ. ನಿಂಗೂ ಎಳೇದ್ರಲ್ಲಿ ಅದ್ನೇ ಕುಡ್ಸಿದ್ದು."

ಕಷಾಯವಾಯಿತು. ನಾನು ಕೊಂಬು ಹಿಡಿದೆ, ಚಿಕ್ಕಮ್ಮ ಬಿದಿರ ಗೊಟ್ಟದಲ್ಲಿ ಹುಯ್ದರು. ಮಗುವಿಗೆ ತಟ್ಟುವಂತೆ ಬೆನ್ನು ತಟ್ಟಿ ಎಂದು ಅಜ್ಜಿಯ ಅಪ್ಪಣೆ. ಇಬ್ಬರೂ ಎರಡು ಕಡೆ ನಿಂತು ತಟ್ಟಿದೆವು. ಹಸು ನಮ್ಮನ್ನು ಒಂದು ಸಲ ನೋಡಿ, ಕತ್ತು ನೀಡಿ, ಜಗಲಿಯವರೆಗೂ ಓಂಕಾಳು ಘಮ್ಮೆನ್ನುವಂತೆ ತೇಗಿತು.

"ನೋಡ್ಲಾ," ಎಂದರು ಚಿಕ್ಕಪ್ಪ ನನಗೆ, ಗೆದ್ದವರಂತೆ.

"ಅದು ಅಳೇದು," ಎಂದರು ಅಜ್ಜಿ. "ಲೆಕ್ಕಕ್ಕಿಲ್ಲ."

ಚಿಕ್ಕಮ್ಮ ಒಳಗಿನಿಂದ ಇನ್ನೊಂದು ಹಗ್ಗ ತಂದು, ಬೈಕಿನ ಹ್ಯಾಂಡಲ್ಲಿಗೆ ಬಿಗಿದು, ಅದೇ ಗೂಟಕ್ಕೆ ಕಟ್ಟಿದರು. "ಎರಡ್ನೂ ಒಡ್ಕೊಂಡೋಗು. ನಿನ್ ಗಾಡಿ ತೇಗಲ್ವ?"

"ಡ್ಯೂಟಿಗ್ ಹೆಂಗ್ ಓಗ್ಲಿ?"

"ಪಕ್ಕದ್ಮನೆಯಂವ ಓಗಲ್ವ? ಒಂದೇ ಗೇಟು, ಒಂದೇ ಟೈಮು. ಅವ್ನ್ ಹಿಂದ ಕುಂತ್ರ ಸವ್ದೋದಿಯಾ?"

ಚಿಕ್ಕಪ್ಪ ಬಟ್ಟೆ ಹಿಂಡಿದರು. ದನಿ ಇಳಿಸಿ, "ಅಂವ ದಾರಿ ಉದ್ದಕ್ಕೂ ಮಾತಾಡ್ತಾನ ಕಣಮ್ಮಿ," ಎಂದರು.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. "ಅದುಕ್ಕ ಅಸ ಮಾರಿಯಾ? ಅದು ಮಾತಾಡಲ್ಲ, ಪಾಪ."

ಹಸುವೂ ಬೈಕೂ ಆ ರಾತ್ರಿ ಒಂದೇ ಗೂಟದಲ್ಲಿ ಕಳೆದವು. ಬೆಳಿಗ್ಗೆ ನೋಡಿದರೆ ಹಸು ಸೀಟಿನ ಮೇಲೆ ಗಲ್ಲವಿಟ್ಟು ಮೆಲುಕು ಹಾಕುತ್ತಿತ್ತು. ಗಂಟು ಬಿಚ್ಚುವ ಪ್ರಯತ್ನವನ್ನು ಚಿಕ್ಕಪ್ಪ ಒಂದೇ ಸಲ ಮಾಡಿದರು. ಆಮೇಲೆ ಹೆಲ್ಮೆಟ್ಟನ್ನು ಕಿವಿಯ ಮೇಲೆ ಬಿಗಿಯಾಗಿ ಇಳಿಸಿಕೊಂಡು ಪಕ್ಕದ ಮನೆಯವರ ಬೈಕಿನಲ್ಲಿ ಅವರ ಹಿಂದೆ ಕೂತರು. ಬೈಕು ಬೇಲಿ ದಾಟುವ ಮೊದಲೇ ಅವರ ಮಾತು ಶುರುವಾಗಿತ್ತು.

ಈಗ ಒಂದು ವಾರ ಅವರ ಗಾಡಿ, ಒಂದು ವಾರ ಇವರದು. ದೀಪಾವಳಿಯ ಹೊತ್ತಿಗೆ ಹಸು ಹೆಣ್ಣು ಕರು ಹಾಕಿತು. ಗಿಣ್ಣು ಕಾಯಿಸಿದಾಗ ಚಿಕ್ಕಮ್ಮ ಮೊದಲ ಬಟ್ಟಲು ಕಳಿಸಿದ್ದು ಪಕ್ಕದ ಮನೆಗೆ. ಕೊಟ್ಟು ಬರಲು ಹೋದ ಚಿಕ್ಕಪ್ಪ ಊಟದ ಹೊತ್ತಾದರೂ ವಾಪಸು ಬಂದಿರಲಿಲ್ಲ.