ಹೆಬ್ಬೆರಳಿನಷ್ಟು ಜಾಗ

ಗನ್ನಣ್ಣ ಅಂದರೆ ಬಂದೂಕು ಹಿಡಿದವನಲ್ಲ. ಅವನ ಗನ್ನು ಸೆರಾಮಿಕ್ ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಲೋಹದ ಕೊಳವೆಗೆ ಉಗುಳುತ್ತದೆ. ಅಣು ರಿಯಾಕ್ಟರಿನ ಕಾವನ್ನು ಬರೀ ಲೋಹ ತಡೆಯಲಾರದು, ಮೇಲೆ ತೆಳ್ಳಗೆ ಲೇಪ ಬೇಕು. ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಆ ಲೇಪಕ್ಕೆ ಅವನೇ ದಿಕ್ಕು.

ಆಮೇಲೆ ಷಡ್ಡಕ ಬಂದ, ಹೆಂಡತಿಯ ತಂಗಿಯ ಗಂಡ. ಕೆಲಸ ಕೊಡಿಸಿದ್ದು ಗನ್ನಣ್ಣ, ಕೈಹಿಡಿದು ಕಲಿಸಿದ್ದೂ ಗನ್ನಣ್ಣ. ಎರಡೇ ವರ್ಷದಲ್ಲಿ ಆ ಪುಣ್ಯಾತ್ಮನ ಲೇಪ ಎಲ್ಲಿ ಅಳೆದರೂ ಒಂದೇ ದಪ್ಪ ಬರತೊಡಗಿತು. ಮ್ಯಾನೇಜರು ಹೊಗಳಿದ್ದೇ ಹೊಗಳಿದ್ದು. ಮನೆಯಲ್ಲಿ ಹೆಂಡತಿಯೂ ಊಟಕ್ಕೆ ಬಡಿಸುತ್ತಾ ತಂಗಿಯ ಗಂಡನ ಗುಣಗಾನ ಶುರುಮಾಡಿದಳು. ಗನ್ನಣ್ಣ ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ?

ಅಷ್ಟರಲ್ಲಿ ಲೇಪದ ವಿಭಾಗಕ್ಕೆ ಮುಖ್ಯಸ್ಥ ಬೇಕಾಯಿತು. ಇಬ್ಬರೂ ಒಂದೊಂದು ಕೊಳವೆಗೆ ಲೇಪ ಹಾಕಬೇಕು, ಅವನ್ನು ಕುಲುಮೆಯಲ್ಲಿ ಕಾಯಿಸಿ ಆರಿಸಿ, ಮತ್ತೆ ಕಾಯಿಸಿ ಆರಿಸಿ ನೋಡುತ್ತಾರೆ. ಯಾರ ಲೇಪ ಉಳಿಯುತ್ತದೋ ಅವನಿಗೆ ಪಟ್ಟ.

ಲೇಪಕ್ಕೆ ಮೊದಲು ಕೊಳವೆಗೆ ಮರಳು ಹೊಡೆದು ಒರಟು ಮಾಡುತ್ತಾರೆ. ಆಮೇಲೆ ಬರಿಗೈ ತಾಗಿಸುವಂತಿಲ್ಲ. ಬೆರಳಿನ ಜಿಡ್ಡು ತಾಗಿದ ಕಡೆ ಲೇಪ ಕಚ್ಚಿಕೊಳ್ಳುವುದಿಲ್ಲ. ಷಡ್ಡಕನಿಗೆ ಇದನ್ನು ನೂರು ಸಲ ಹೇಳಿದ್ದವನೂ ಗನ್ನಣ್ಣನೇ. ಅವತ್ತು ಷಡ್ಡಕ ಟೀ ಕುಡಿಯಲು ಹೋದಾಗ ಗನ್ನಣ್ಣ ಕೈಗವಸು ಬಿಚ್ಚಿ, ಅವನ ಕೊಳವೆಯ ಮೇಲೆ ಹೆಬ್ಬೆರಳು ಒತ್ತಿದ. ಛೀ, ಮಾಡುವ ಕೆಲಸವೇ ಅದು? ಆದರೂ ಒತ್ತಿದ. ಷಡ್ಡಕ ಬಂದು, ಏನೂ ತಿಳಿಯದೆ ಅದರ ಮೇಲೆಯೇ ಲೇಪ ಹಾಕಿದ.

ಆರನೆಯ ಸಲ ಕಾಯಿಸಿ ಆರಿಸಿದಾಗ ಷಡ್ಡಕನ ಕೊಳವೆಯಿಂದ ಹೆಬ್ಬೆರಳಿನಷ್ಟು ಅಗಲ ಲೇಪ ಎದ್ದು ಬಂತು. ಮ್ಯಾನೇಜರು ಷಡ್ಡಕನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡು, ಇನ್ನು ಗನ್ನು ಮುಟ್ಟಬೇಡ, ಪ್ಯಾಕಿಂಗಿಗೆ ಹೋಗು ಅಂದರು. ಗನ್ನಣ್ಣನಿಗೆ ಪಟ್ಟ ಸಿಕ್ಕಿತು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು.

ಸಂಜೆ ಷಡ್ಡಕ ಅವನ ಹತ್ತಿರ ಬಂದ. "ಅಣ್ಣಾ, ನಾನೇ ಎಲ್ಲೋ ಬರಿಗೈಲಿ ಮುಟ್ಟಿರಬೇಕು. ನಿಮ್ಮ ಮಾನ ಕಳೆದೆ. ಮೊದಲಿಂದ ಇನ್ನೊಂದು ಸಲ ಹೇಳ್ಕೊಡ್ತೀರಾ?"

ಬೈದಿದ್ದರೆ ಗನ್ನಣ್ಣ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲು ಆಗಲಿಲ್ಲ.

"ಮುಟ್ಟಿದ್ದು ನೀನಲ್ಲ ಕಣೋ, ನಾನು," ಅಂದ. ಮ್ಯಾನೇಜರಿಗೂ ಹೋಗಿ ಹೇಳಿದ.

ಪಟ್ಟ ಷಡ್ಡಕನಿಗೆ ಹೋಯಿತು. ಅವನು ಗನ್ನಣ್ಣನನ್ನು ಕೆಲಸದಿಂದ ತೆಗೆಸಲಿಲ್ಲ, ಒಂದು ಕೆಟ್ಟ ಮಾತು ಆಡಲಿಲ್ಲ, ಅಣ್ಣಾ ಅನ್ನುವುದನ್ನೂ ಬಿಡಲಿಲ್ಲ. ಮರಳು ಹೊಡೆದ ಕೊಳವೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕತೊಡಗಿದ, ಅಷ್ಟೆ. ಬೀಗದ ಕೈ ಕಸ ಗುಡಿಸುವವಳ ಹತ್ತಿರವೂ ಒಂದಿತ್ತು, ಗನ್ನಣ್ಣನ ಹತ್ತಿರ ಇರಲಿಲ್ಲ.